ಎಡ ಮಡ್‌ಗಾರ್ಡಿನ ತಗ್ಗು

ಸ್ಯಾಂಡಸ್ಕಿಯಿಂದ ಎಂಟು ಮೈಲಿ, ಜೋಳದ ಹೊಲದ ಅಂಚು,
ಜೂನ್ ತಿಂಗಳ ಎರಡನೇ ಭಾನುವಾರ
ಒಹಾಯೋದ ನಾವು ಹಳೇ ಗಾಡಿಯವರು ಸೇರುತ್ತೇವೆ.
ಮಡಚುವ ಕುರ್ಚಿ, ಫ್ಲಾಸ್ಕಿನ ಕಾಫಿ,
ಎಣ್ಣೆ ಸೋರದ ಗಾಡಿಯನ್ನು ನಂಬದ ಹನ್ನೆರಡು ಜನ.

ಹತ್ತೂವರೆಗೆ ಅದು ಬಂತು.
ಕೆನೆ ಬಣ್ಣ, ಕೆಂಪು ಸೀಟು, ಚಕ್ರಕ್ಕೆ ಪ್ಲಾಸ್ಟಿಕ್ ಟೋಪಿ.
ದೂರಕ್ಕೆ ಐವತ್ತೆರಡರ ಎಮ್.ಜಿ.
ಹತ್ತಿರವಾದಾಗ ಸದ್ದು ಮಾತ್ರ ಹಿಂದುಗಡೆಯಿಂದ,
ಹೊಲಿಗೆ ಯಂತ್ರಕ್ಕೆ ಕೆಮ್ಮು ಬಂದ ಹಾಗೆ.

‘ಬೀಟಲ್,’ ಅಂದ ವೆಂಡೆಲ್ ಕ್ರೌಸ್, ಕಪ್ಪಿನಿಂದ ತಲೆ ಎತ್ತದೆ.
ತೀರ್ಪು ಮುಗಿಯಿತು. ವಿಚಾರಣೆ ಆಮೇಲೆ.

ಇಳಿದವಳು ನೋರೀನ್ ಬಾಸ್ಟಿಯನ್,
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು.
‘ನೋಡಿ, ನೋಡಿ,’ ಅಂದಳು, ತಾನೇ ಬಾನೆಟ್ ಎತ್ತಿದಳು.
ಸಂತೆಯಲ್ಲಿ ದನದ ಹಲ್ಲು ಎಣಿಸುವವರಂತೆ ಬಗ್ಗಿದೆವು.
ಇಂಜಿನ್ ಇರಬೇಕಾದಲ್ಲಿ
ಪೆಟ್ರೋಲ್ ಟ್ಯಾಂಕು, ಒಂದು ಕೊಡೆ, ಅರ್ಧ ಪೊಟ್ಟಣ ಬಿಸ್ಕತ್ತು.
ರೇಡಿಯೇಟರಿನ ಜಾಲರಿಯ ಹಿಂದೆ ನೀರಿಲ್ಲ, ಬರೀ ಗಾಳಿ.
ಮೇಲೆ ಥಳುಕು, ಅಂತ ಯಾರೋ ಶುರುಮಾಡಿದರು.
ಉಳಿದರ್ಧ ಗಾದೆ ಹೇಳುವ ಅಗತ್ಯ ಬೀಳಲಿಲ್ಲ.

ಬಾಗಿಲ ಸಂದಿನಲ್ಲಿ ಹೆಬ್ಬೆರಳು ತೂರಿಸಿ ವೆಂಡೆಲ್ ತೋರಿಸಿದ.
ಇಮೋಜಿನ್ ಟ್ರಾಟ್ ಕನ್ನಡಕ ಒರೆಸಿಕೊಂಡು ಹೇಳಿದಳು:
‘ನಕಲಿನ ಮೇಲೆ ನನ್ನ ತಕರಾರಿಲ್ಲ.
ಮಾಡಿದವನು ಒಮ್ಮೆಯಾದರೂ ಅಸಲನ್ನು ಮುಟ್ಟಿರಬೇಕು, ಅಷ್ಟೇ.’

ಎಲ್ಲರಿಗಿಂತ ಉದ್ದ ಮಾತಾಡಿದವನು ನಾನು.
ಐವತ್ತು ವರ್ಷ ಟಿಂಕರ್ ಕೆಲಸ ಮಾಡಿದ ಕೈ,
ಕೇಳುವವರು ಸಿಕ್ಕರೆ ಬಿಡುತ್ತದೆಯೇ?
ತಗಡಿಗೆ ನೆನಪಿರುತ್ತೆ, ಅಂದೆ.
ಪೆಟ್ಟು ತಿಂದಲ್ಲಿ ಅದು ಗಟ್ಟಿಯಾಗುತ್ತೆ, ಫೈಬರಿಗೆ ಅದಿಲ್ಲ.
ಈ ಎಡ ಮಡ್‌ಗಾರ್ಡೇ ನೋಡಿ,
ಫುಟ್‌ಬೋರ್ಡಿಗೆ ಇಳಿಯುವ ತಿರುವಲ್ಲಿ ಗೆರೆ ಮುಗ್ಗರಿಸಿದೆ.
ಕುರುಡ ಮಾಡಿದ ಕೆಲಸ.
ಎಲ್ಲರೂ ನಕ್ಕರು. ಜಾಗ ತೋರಿಸಲು ಅಂಗೈ ಇಟ್ಟೆ.

ಕೈಗೆ ಗೊತ್ತಾಯಿತು.

ಎಪ್ಪತ್ತನಾಲ್ಕು. ಟೊಲೆಡೋ. ಹತ್ತೊಂಬತ್ತು ನನಗೆ.
ಯಾವನೋ ಡಾಕ್ಟರನ ಅಸಲಿ ಎಮ್.ಜಿ.
ಟಪಾಲು ಪೆಟ್ಟಿಗೆಯ ಕಂಬಕ್ಕೆ ತಾಗಿ ಬಂದಿತ್ತು.
ಯಜಮಾನ ಊರಲ್ಲಿಲ್ಲ. ನಾನೇ ಮಾಡ್ತೀನಿ ಅಂದೆ.
ಬಡಿದೆ, ಬಡಿದೆ, ತಗಡು ಹಪ್ಪಳವಾಯಿತು,
ಸೀಸ ಕರಗಿಸಿ ತುಂಬಿ, ಅರ ಹಾಕಿ,
ಅಳತೆ ಮೀರಿ ಉಜ್ಜಿದ್ದು ಗೊತ್ತಾದಾಗ ರಾತ್ರಿ ಒಂದು ಗಂಟೆ.
ತಗ್ಗಿನ ಮೇಲೆ ಬಣ್ಣ ಹೊಡೆದೆ. ಡಾಕ್ಟರು ಟಿಪ್ಸ್ ಕೊಟ್ಟ.

ಚಳಿಗಾಲಕ್ಕೆ ಮುಂಚೆ ಅವನು ಗಾಡಿ ಮಾರಿದ್ದು
ಈ ಸರೋವರದ ದಂಡೆಯ ದೋಣಿ ಮಾಡುವವನೊಬ್ಬನಿಗೆ,
ಅವನು ಅದಕ್ಕೆ ಮೇಣ ಬಳಿದು ಅಚ್ಚು ತೆಗೆದದ್ದು
ಆಗಲೂ ಕಿವಿಗೆ ಬಿದ್ದಿತ್ತು. ಆಗ ಅದು ಸುದ್ದಿ ಮಾತ್ರ.

ಇನ್ನೂರೋ, ಮುನ್ನೂರೋ ಎರಕ.
ಪ್ರತಿ ಎಡಗಡೆಗೂ ನನ್ನ ಹೆಬ್ಬೆರಳಗಲ.
ಅಸಲು ಯಾವತ್ತೋ ತುಕ್ಕು ತಿಂದು ಹೋಯಿತಂತೆ.

‘ಅದಾ?’ ಅಂದಳು ನೋರೀನ್, ನನ್ನ ಕೈ ನೋಡಿ,
‘ಕಪ್ಪು ಇಡೋಕೆ ಅಂತಲೇ ಮಾಡಿದ್ದಾರೆ ಅಂದ್ಕೊಂಡಿದ್ದೆ.’
ಇಟ್ಟು ತೋರಿಸಿದಳು.
ಜಾರಲಿಲ್ಲ.

ಮಧ್ಯಾಹ್ನ ಹೊಸಬರು ಬಂದ ಹಾಗೆಲ್ಲ
ವೆಂಡೆಲ್ ನನ್ನ ಮಾತನ್ನೇ ಬಡಿಸಿದ: ಕುರುಡ ಮಾಡಿದ ಕೆಲಸ.
ಪ್ರತಿ ಸಲ ನನ್ನ ಕಡೆ ಕೈ ತೋರಿಸಿದ, ಕವಿಗೆ ಗೌರವ ಕೊಟ್ಟಂತೆ.

ಅವಳು ಹೊರಟಾಗ ನಾಲ್ಕು ಗಂಟೆಯ ಬಿಸಿಲು
ಮಡ್‌ಗಾರ್ಡಿನ ಉದ್ದಕ್ಕೂ ಹರಿದು ಬಂದು
ಅಲ್ಲಿ ಮಾತ್ರ ತಡವರಿಸಿತು.

ನನ್ನ ಅಭಿಪ್ರಾಯ ಬದಲಾಗಿಲ್ಲ. ಕೆಟ್ಟ ಕೆಲಸವೇ.
‘ಯಾವ ಅಯೋಗ್ಯ ಮಾಡಿದನೋ,’ ಅಂದ ವೆಂಡೆಲ್, ಕುರ್ಚಿ ಮಡಚುತ್ತ.
ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ.
ಸರಿಯಾಗಿ ಕೂರಲಿಲ್ಲ.
ಬಿಚ್ಚಿ, ಮತ್ತೆ ತಿರುಗಿಸಿದೆ.